ಬೇಸ್ ಕೊಳ್ಳುವ ಮುನ್ನ ನೆಕ್ ನೋಡಿ

ವಿಜಯನಗರದ ಒಬ್ಬ ಕಾಲೇಜು ಹುಡುಗಿ ತನ್ನ ಬೇಸ್ ಗಿಟಾರ್ ಹೊತ್ತುಕೊಂಡು ನನ್ನ ರಿಪೇರಿ ಅಂಗಡಿಗೆ ಬಂದಿದ್ದಳು. ಕೊಂಡು ಮೂರು ತಿಂಗಳೂ ಆಗಿರಲಿಲ್ಲ, ಆಗಲೇ ಮಾರಬೇಕಂತೆ. “ನನ್ನ ಬೆರಳು ಚಿಕ್ಕದು ಸರ್, ಒತ್ತೋಕೇ ಆಗಲ್ಲ” ಎಂದಳು. ಎಡಗೈಯ ಬೆರಳ ತುದಿಗಳಲ್ಲಿ ಬೊಬ್ಬೆ ಎದ್ದು ಒಡೆದಿತ್ತು.

ಸ್ಟೀಲ್ ಸ್ಕೇಲ್ ಇಟ್ಟು ಅಳೆದೆ. ಬೇಸ್‌ನ ಉದ್ದ ಕೈಯೇ ನೆಕ್, ಅದರ ಮೇಲಿನ ಅಡ್ಡ ಲೋಹದ ಪಟ್ಟಿಗಳೇ ಫ್ರೆಟ್. 12ನೇ ಫ್ರೆಟ್‌ನಿಂದ ದಪ್ಪ ತಂತಿ ನಾಲ್ಕೂವರೆ ಮಿಲಿಮೀಟರ್ ಎತ್ತರದಲ್ಲಿತ್ತು. ಎರಡು, ಎರಡೂವರೆ ಇದ್ದರೆ ಸಾಕು. ನೆಕ್ ಒಳಗಿನ ಟ್ರಸ್ ರಾಡ್ ಎಂಬ ಕಡ್ಡಿಯನ್ನು ಕಾಲು ಸುತ್ತು ಬಿಗಿ ಮಾಡಿದೆ. ಬಾಡಿಯ ಮೇಲಿನ ಬ್ರಿಡ್ಜ್‌ನಲ್ಲಿ ತಂತಿಗೆ ಆಧಾರವಾದ ಸ್ಯಾಡಲ್ ಇಳಿಸಿದೆ. ನೆಕ್ ತುದಿಯ ನಟ್ ಎಂಬ ಪಟ್ಟಿಯಲ್ಲಿ ತಂತಿ ಕೂರುವ ಗೀರುಗಳನ್ನು ಸಣ್ಣ ಅರದಿಂದ ಒಂಚೂರು ಆಳ ಮಾಡಿದೆ. ಒಟ್ಟು ಒಂದು ಗಂಟೆಯ ಕೆಲಸ. ಮತ್ತೆ ಅವಳ ಕೈಗೆ ಕೊಟ್ಟಾಗ ಮೊದಲನೇ ಫ್ರೆಟ್ ಒತ್ತಿ ನೋಡಿದಳು, ಇನ್ನೊಮ್ಮೆ ಒತ್ತಿದಳು. “ಇದು ನಂದೇನಾ?” ಎಂದಳು. ಮಾರುವ ಮಾತು ಅಲ್ಲಿಗೇ ಮುಗಿಯಿತು.

ಆ ಮೂರು ತಿಂಗಳು ಅವಳು ಬೈದುಕೊಂಡದ್ದು ತನ್ನ ಬೆರಳನ್ನೇ, ಅಲ್ವಾ? ಅದು ನನಗೆ ಬಹಳ ಸಂಕಟ ತರುತ್ತದೆ. ಹೊಸದಾಗಿ ಕಲಿಯುವವರಿಗೆ ವಾದ್ಯದ ದೋಷ ಯಾವುದು, ಕೈಯ ದೋಷ ಯಾವುದು ಎಂದು ಗೊತ್ತಾಗುವುದಿಲ್ಲ. ಹಾಗಾಗಿ ಕಡಿಮೆ ಬೆಲೆಯ ಬೇಸ್ ಕೊಳ್ಳುವವರಿಗೆ ನಾನು ಮೊದಲು ಹೇಳುವುದು ಒಂದೇ: ಬಣ್ಣ, ಬ್ರ್ಯಾಂಡ್, ತಂತಿಯ ಕಂಪನ ಹಿಡಿಯುವ ಪಿಕಪ್ ಎಲ್ಲ ಆಮೇಲೆ, ಮೊದಲು ನೆಕ್ ನೋಡಿ.

ಕಾರಣ ಇದೆ. ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ಮಾದರಿ ತಂದಾಗ ತಂತಿಯ ನುಡಿಯುವ ಭಾಗದ ಉದ್ದ 34 ಇಂಚು ಇಟ್ಟರು. ಇವತ್ತಿಗೂ ಹೆಚ್ಚಿನ ಬೇಸ್‌ಗಳ ಅಳತೆ ಅದೇ. ಶ್ರುತಿಗೆ ಏರಿಸಿದಾಗ ನಾಲ್ಕು ತಂತಿಗಳೂ ಸೇರಿ ಹೆಚ್ಚುಕಮ್ಮಿ 75–80 ಕೆ.ಜಿ. ಎಳೆತ ಹಾಕುತ್ತವೆ. ಒಬ್ಬ ದೊಡ್ಡ ಮನುಷ್ಯನ ತೂಕ ಅದು. ಅಷ್ಟನ್ನೂ ತೆಳ್ಳಗಿನ ಮರದ ನೆಕ್ ಹಗಲೂ ರಾತ್ರಿ ತಡೆಯಬೇಕು. ಬಾಗದಂತೆ ಎದುರು ಒತ್ತಡ ಕೊಡುವ ಕಬ್ಬಿಣದ ಕಡ್ಡಿಯೇ ಟ್ರಸ್ ರಾಡ್. ಅದು ತಿರುಗದೆ ಕಚ್ಚಿಕೊಂಡಿದ್ದರೆ ಅಥವಾ ಅದನ್ನು ತಿರುಗಿಸುವ ನಟ್ (ತಂತಿ ಕೂರುವ ನಟ್ ಅಲ್ಲ) ಸವೆದಿದ್ದರೆ ಆ ಬೇಸ್ ಎಷ್ಟು ಅಗ್ಗವಾದರೂ ಬೇಡ. ಸೆಕೆಂಡ್ ಹ್ಯಾಂಡ್ ಆದರಂತೂ ಅಲೆನ್ ಕೀ ಹಾಕಿ ಸ್ವಲ್ಪ ತಿರುಗಿಸಿ ತೋರಿಸಿ ಎಂದು ಕೇಳಿ. ಸಂಕೋಚ ಬೇಡ.

ಪರೀಕ್ಷೆಗೆ ಜೇಬಲ್ಲಿ ಒಂದು ವಿಸಿಟಿಂಗ್ ಕಾರ್ಡ್ ಇದ್ದರೆ ಸಾಕು. ದಪ್ಪ ತಂತಿಯನ್ನು ಎಡಗೈಯಿಂದ ಮೊದಲ ಫ್ರೆಟ್‌ನಲ್ಲಿ ಒತ್ತಿ. ಬಲಗೈಯಿಂದ ನೆಕ್ ಬಾಡಿಗೆ ಸೇರುವಲ್ಲಿ ಒತ್ತಿ. ಈಗ ತಂತಿಯೇ ನೇರ ಗೆರೆ. ಏಳನೇ, ಎಂಟನೇ ಫ್ರೆಟ್ ಹತ್ತಿರದ ಸಂದಿಗೆ ಜೊತೆಯಲ್ಲಿರುವವರಿಂದ ಕಾರ್ಡ್ ತೂರಿಸಿ ನೋಡಿ. ಕಾರ್ಡ್ ಬಿಗಿಯಾಗಿ ನುಸುಳಿದರೆ ನೆಕ್ ಸರಿಯಿದೆ. ತಂತಿ ಫ್ರೆಟ್‌ಗೆ ಅಂಟಿದ್ದರೆ ಅಥವಾ ಒಂದು ಮಿಲಿಮೀಟರ್‌ನಷ್ಟು ಸಂದಿ ಇದ್ದರೆ ರಾಡ್ ತಿರುಗಿಸಬೇಕು. ಅದು ಸಣ್ಣ ಕೆಲಸ, ಹೆದರಬೇಡಿ. ಆದರೆ ನೆಕ್ ತಿರುಚಿಕೊಂಡಿದ್ದರೆ ರಾಡ್‌ನಿಂದ ಏನೂ ಆಗದು. ಅದನ್ನು ನೋಡಲು ಬೇಸನ್ನು ಕಣ್ಣಿನ ಹತ್ತಿರ ಹಿಡಿದು, ಬಡಗಿ ಹಲಗೆ ನೋಡುವ ಹಾಗೆ ಉದ್ದಕ್ಕೆ ನೋಡಿ.

ಆಮೇಲೆ ನೆಕ್‌ನ ಎರಡೂ ಅಂಚಿಗೆ ಅಂಗೈ ಸವರಿ. ಫ್ರೆಟ್ ತುದಿಗಳು ಗರಗಸದ ಹಾಗೆ ಚುಚ್ಚುತ್ತವೆಯೇ? ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೆಂಗಳೂರಿನ ಗಾಳಿ ಒಣಗಿರುತ್ತದೆ. ಮರ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಇದೂ ಅರ ಹಾಕಿದರೆ ಹೋಗುವ ದೋಷ, ಆದರೆ ಬೆಲೆ ಚೌಕಾಸಿ ಮಾಡಲು ಒಳ್ಳೆಯ ಕಾರಣ. ಮರದ ಮಾತು ಬಂತು. ಜಗತ್ತಿನ ಎಷ್ಟೋ ಗಿಟಾರ್‌ಗಳ ಫಿಂಗರ್‌ಬೋರ್ಡ್ (ಫ್ರೆಟ್ ಕೂರಿಸುವ ಹಲಗೆ) ನಮ್ಮ ಮಲೆನಾಡಲ್ಲೂ ಬೆಳೆಯುವ ಬೀಟೆ ಮರದ್ದು. 2017ರಲ್ಲಿ ಬೀಟೆ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಹೊಸ ನಿಯಮ ಬಂದ ಮೇಲೆ ಅಗ್ಗದ ಮಾಡೆಲ್‌ಗಳಲ್ಲಿ ಲಾರೆಲ್ ಜಾಸ್ತಿಯಾಯಿತು. ಅದು ನಮ್ಮ ಮತ್ತಿ ಮರವೇ. ಬೀಟೆ ಅಲ್ಲ ಎಂದು ಯಾರಾದರೂ ಮೂಗು ಮುರಿದರೆ ಕೇಳಬೇಡಿ, ಮತ್ತಿ ಗಟ್ಟಿ ಮರ.

ಆಂಪ್ಲಿಫೈಯರ್ ಹಾಕದೆಯೇ ಪ್ರತಿ ತಂತಿಯ ಪ್ರತಿ ಫ್ರೆಟ್ ಒತ್ತಿ ನುಡಿಸಿ. ಒಂದೇ ಜಾಗದಲ್ಲಿ ‘ಝರ್’ ಎಂದರೆ ಆ ಮುಂದಿನ ಫ್ರೆಟ್ ಎದ್ದಿದೆ. ತೆಳು ತಂತಿಯ ಐದರಿಂದ ಏಳನೇ ಫ್ರೆಟ್ ನಡುವೆ ಎಲ್ಲೋ ಒಂದು ಸ್ವರ ಬೇಗ ಸತ್ತುಹೋಗಬಹುದು. ದುಬಾರಿ ಬೇಸ್‌ಗಳಲ್ಲೂ ಇದು ಇರುತ್ತದೆ, ಅದಕ್ಕಾಗಿ ಬಿಡಬೇಡಿ. ಟ್ಯೂನರ್ ಇಟ್ಟು 12ನೇ ಫ್ರೆಟ್‌ನ ಹಾರ್ಮೋನಿಕ್‌ಗೂ (ತಂತಿಯನ್ನು ಒತ್ತದೆ ಬರೀ ಮುಟ್ಟಿ ನುಡಿಸಿದ ಸ್ವರ) ಅಲ್ಲೇ ಒತ್ತಿದ ಸ್ವರಕ್ಕೂ ಹೊಂದಿಕೆ ನೋಡಿ. ವ್ಯತ್ಯಾಸ ಇದ್ದರೆ ಸ್ಯಾಡಲ್ ಹಿಂದೆಮುಂದೆ ಮಾಡಿ ಸರಿಪಡಿಸಬಹುದು.

ಎಲೆಕ್ಟ್ರಿಕ್ ಭಾಗಕ್ಕೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ನಾಬ್ ತಿರುಗಿಸಿದಾಗ ಕರಕರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದರೆ ಸಾಮಾನ್ಯವಾಗಿ ಹೋಗುತ್ತದೆ. ಜಾಝ್ ಬೇಸ್ ಮಾದರಿಯಲ್ಲಿ ಎರಡು ಸಿಂಗಲ್ ಕಾಯಿಲ್ (ಒಂದೇ ತಂತಿ ಸುರುಳಿಯ) ಪಿಕಪ್ ಇರುತ್ತವೆ. ಒಂದನ್ನೇ ತೆರೆದರೆ ಗುಂಯ್ ಎನ್ನುವುದು ಅದರ ಸ್ವಭಾವ. ಪ್ರಿಸಿಷನ್ ಮಾದರಿಯ ಇಬ್ಭಾಗದ ಪಿಕಪ್ ಆ ಸದ್ದನ್ನು ತಾನೇ ರದ್ದು ಮಾಡುತ್ತದೆ. ಮನೆಯಲ್ಲಿ ತಂತಿ ಮುಟ್ಟಿದ ಕೂಡಲೇ ಗುಂಯ್ ನಿಂತರೆ ಬೇಸ್ ಕೆಟ್ಟಿಲ್ಲ. ಬಸವನಗುಡಿ, ಮಲ್ಲೇಶ್ವರದ ಹಳೆ ಮನೆಗಳಲ್ಲಾದರೆ ಪ್ಲಗ್ ಪಾಯಿಂಟ್‌ಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಆಂಪ್‌ನಿಂದ ಕೈಗೆ ಜುಮ್ ಎಂದರೆ ತಕ್ಷಣ ನುಡಿಸುವುದು ನಿಲ್ಲಿಸಿ.

ಬ್ರ್ಯಾಂಡ್ ಕೇಳಿದರೆ ಸ್ಕ್ವೈಯರ್, ಯಮಾಹಾ, ಐಬನೀಜ್, ಕಾರ್ಟ್ ಯಾವುದಾದರೂ ಆದೀತು. ಒಂದೇ ಮಾಡೆಲ್‌ನ ಎರಡು ಬೇಸ್ ಒಂದೇ ಥರ ಇರುವುದಿಲ್ಲ, ಎರಡನ್ನೂ ಕೈಯಲ್ಲಿ ಹಿಡಿದು ನೋಡಿ. ಬೆಲ್ಟ್ ಹಾಕಿಕೊಂಡು ಎದ್ದು ನಿಂತು ಎರಡೂ ಕೈ ಬಿಡಿ. ತಲೆಭಾಗ ನೆಲದತ್ತ ಜಾರಿದರೆ ಎಡಗೈಗೆ ದಿನವೂ ಕೆಲಸ ಜಾಸ್ತಿ. ಮಕ್ಕಳಿಗೆ ತಂತಿಯ ಉದ್ದ 30 ಇಂಚು ಇರುವ ಶಾರ್ಟ್ ಸ್ಕೇಲ್ ಬೇಸ್ ಕೊಡಿಸಿ.

ಇದ್ದ ದುಡ್ಡೆಲ್ಲ ಬೇಸ್‌ಗೇ ಸುರಿಯಬೇಡಿ. ಸೆಟಪ್‌ಗೆ (ಆ ಹುಡುಗಿಯ ಬೇಸ್‌ಗೆ ಮಾಡಿದಂಥ ಹೊಂದಾಣಿಕೆಗೆ), ಟ್ಯೂನರ್‌ಗೆ, ಒಂದು ಸಣ್ಣ ಹೆಡ್‌ಫೋನ್ ಆಂಪ್‌ಗೆ ಉಳಿಸಿ. ಅತಿ ದಪ್ಪದ ಇ ತಂತಿ 41 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ಮೊಬೈಲ್ ಸ್ಪೀಕರ್‌ಗೆ ಅಷ್ಟು ಕೆಳಗಿನ ದನಿ ಬರುವುದಿಲ್ಲ, ಆದ್ದರಿಂದ ಮನೆಯ ಅಭ್ಯಾಸಕ್ಕೆ ಒಳ್ಳೆಯ ಹೆಡ್‌ಫೋನ್ ಬೇಕೇ ಬೇಕು. ಒಳಗೆ 9 ವೋಲ್ಟ್ ಬ್ಯಾಟರಿ ಇರುವ ಆಕ್ಟಿವ್ ಬೇಸ್ ಆದರೆ ನುಡಿಸಿ ಮುಗಿದ ಮೇಲೆ ಕೇಬಲ್ ಕಿತ್ತಿಡಿ. ಸುಮ್ನೆ ಸಿಕ್ಕಿಸಿ ಬಿಟ್ಟರೆ ಬ್ಯಾಟರಿ ಖಾಲಿಯಾಗುತ್ತಲೇ ಇರುತ್ತದೆ.

ಮಾರ್ಚ್‌ನಲ್ಲಿ ಸರಿಮಾಡಿಸಿದ ಬೇಸ್ ಜುಲೈ ಮಳೆಯಲ್ಲಿ ಮತ್ತೆ ಸ್ವಲ್ಪ ಅಲ್ಲಾಡುತ್ತದೆ. ತಂತಿ ಇದ್ದಕ್ಕಿದ್ದಂತೆ ಗಟ್ಟಿ ಅನ್ನಿಸಿದರೆ ಕೈ ಸೋತಿದೆ ಎಂದುಕೊಳ್ಳಬೇಡಿ. ಆ ವಿಸಿಟಿಂಗ್ ಕಾರ್ಡ್ ತೆಗೆದು ಏಳನೇ ಫ್ರೆಟ್ ಹತ್ತಿರ ಇನ್ನೊಮ್ಮೆ ತೂರಿಸಿ ನೋಡಿ.