ಕೀಫ್ರೇಮ್ ಕಾಪಿ ಆಯಿತು, ಟೈಮಿಂಗ್ ಎಲ್ಲಿ?

ಬೇರೆಯವರು ಮಾಡಿದ ವಿಡಿಯೊ ಪ್ರಾಜೆಕ್ಟ್ ಫೈಲ್ ತೆರೆದು ಟೈಮ್‌ಲೈನ್ ಹಿಗ್ಗಿಸಿದರೆ ಸಾಕು, ಬಂಡವಾಳ ಗೊತ್ತಾಗಿಬಿಡುತ್ತದೆ. ಟೈಟಲ್ ತೆರೆಗೆ ಬರುವಾಗ ಸ್ಕೇಲ್ (ಗಾತ್ರ), ಬ್ಲರ್ (ಮಸುಕು), ಗ್ಲೋ (ಹೊಳಪು), ಒಪ್ಯಾಸಿಟಿ (ಎಷ್ಟು ದಟ್ಟವಾಗಿ ಕಾಣಬೇಕು ಅನ್ನುವುದು) ನಾಲ್ಕೂ ಒಟ್ಟಿಗೆ ಬದಲಾಗಬೇಕು ಅನ್ನುವುದು ಉದ್ದೇಶ. ಆದರೆ ಸ್ಕೇಲ್ ಮುಗಿಯುವುದು 12ನೇ ಫ್ರೇಮಿಗೆ, ಬ್ಲರ್ 13ಕ್ಕೆ, ಗ್ಲೋ 11ಕ್ಕೆ. ಬೇಕೆಂದೇ ಹಾಗಿಟ್ಟಿದ್ದರೆ ಶಹಬ್ಬಾಸ್. ಕೇಳಿದರೆ ಬರುವ ಉತ್ತರ, "ಕಣ್ಣಂದಾಜಲ್ಲಿ ಇಟ್ಟೆ ಸರ್."

ಕಣ್ಣಂದಾಜು ಕೈಕೊಡುವುದು ತಿದ್ದುಪಡಿ ಬಂದಾಗ. ಕ್ಲೈಂಟ್ ಸಂಗೀತ ಬದಲಿಸುತ್ತಾರೆ, ಬೀಟ್ ಆರು ಫ್ರೇಮ್ ಮುಂಚೆ ಬೀಳುತ್ತದೆ. ಹೀಗೊಂದು ಜಾಹೀರಾತಿನ ಕೆಲಸದಲ್ಲಿ ನನ್ನ ಜೊತೆಗಿದ್ದ ಹುಡುಗ ಒಂಬತ್ತು ಟೈಟಲ್‌ಗಳ ಕೀಫ್ರೇಮ್‌ಗಳನ್ನು, ಅಂದರೆ ಬದಲಾವಣೆ ಎಲ್ಲಿ ಶುರು, ಎಲ್ಲಿ ಕೊನೆ ಅನ್ನುವ ಗುರುತುಗಳನ್ನು, ಒಂದೊಂದಾಗಿ ಎಳೆಯುತ್ತ ಕೂತಿದ್ದ. ಶ್ರದ್ಧೆಯ ಹುಡುಗ, ಒಂದು ದಿನವೂ ಗೊಣಗಿದವನಲ್ಲ. ಒಂದನ್ನು ಸರಿಮಾಡಿ ಎಲ್ಲದಕ್ಕೂ ಕಾಪಿ ಮಾಡಬಾರದೇನಪ್ಪಾ ಅಂದೆ. "ಮಾಡಿದೆ ಸರ್. ಒಪ್ಯಾಸಿಟಿಯಿಂದ ಬ್ಲರ್‌ಗೆ ಹಾಕಿದೆ, ಟೈಟಲ್ ಮಂಜಾಗಿ ಹೋಯ್ತು. ಸ್ಕೇಲ್‌ಗೆ ಪೇಸ್ಟೇ ಆಗ್ತಿಲ್ಲ."

ಆಗುವುದೂ ಇಲ್ಲ. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ಇದೊಂದನ್ನು ಬಿಡಿಸಿ ಹೇಳುತ್ತೇನೆ. ಕೀಫ್ರೇಮ್ ಅಂದರೆ ಟೈಮ್‌ಲೈನಿನ ಮೇಲಿನ ಬರೀ ಗುರುತಲ್ಲ. ಅದರೊಳಗೆ ಮೂರು ಸಂಗತಿಗಳಿವೆ. ಯಾವಾಗ, ಎಷ್ಟು (ಈ ಸಂಖ್ಯೆಯನ್ನೇ ನಾನು ಬೆಲೆ ಅನ್ನುವುದು), ಮತ್ತು ಒಂದು ಕೀಫ್ರೇಮಿನಿಂದ ಮುಂದಿನದಕ್ಕೆ ಹೇಗೆ ಸಾಗಬೇಕು: ಸಮವೇಗದಲ್ಲೋ, ನಿಧಾನವಾಗಿ ಹೊರಟು ನಿಧಾನವಾಗಿ ನಿಲ್ಲುತ್ತಲೋ. ಟೈಮಿಂಗ್ ಅಂತ ನಾವು ಕರೆಯುವುದು ಮೊದಲನೆಯದು ಮತ್ತು ಮೂರನೆಯದನ್ನು. ಕಾಪಿ-ಪೇಸ್ಟ್ ಮಾತ್ರ ಮೂರನ್ನೂ ಕಟ್ಟಿ ತರುತ್ತದೆ. ಒಪ್ಯಾಸಿಟಿಯ 0ಯಿಂದ 100 ಬ್ಲರ್‌ಗೆ ಹೋಗಿ ಕೂತರೆ, ಸ್ಪಷ್ಟವಾಗಬೇಕಾದ ಹೊತ್ತಿಗೆ ಟೈಟಲ್ ಪೂರ್ತಿ ಮಸುಕಾಗುತ್ತದೆ. ಟೈಮಿಂಗ್ ಸರಿಯಾಗಿಯೇ ಬಂದಿದೆ, ಜೊತೆಗೆ ಬೇಡದ ಬೆಲೆಯೂ ಬಂದಿದೆ. ಇನ್ನು ಒಪ್ಯಾಸಿಟಿಗೆ ಒಂದೇ ಸಂಖ್ಯೆ, ಸ್ಕೇಲ್‌ಗೆ ಅಗಲ-ಎತ್ತರ ಅಂತ ಎರಡು, ಬಣ್ಣಕ್ಕೆ ಇನ್ನೂ ಹೆಚ್ಚು. ಲೆಕ್ಕ ಹೊಂದದಿದ್ದರೆ ಆಫ್ಟರ್ ಎಫೆಕ್ಟ್ಸ್ (ಇಂಥ ಟೈಟಲ್ ಅನಿಮೇಷನ್ ಮಾಡುವ ಸಾಫ್ಟ್‌ವೇರ್) ಪೇಸ್ಟ್ ಮಾಡಿಕೊಳ್ಳುವುದಿಲ್ಲ. ಜೊತೆಗೆ ಪೇಸ್ಟ್ ಆಗುವುದು ಪ್ಲೇಹೆಡ್ (ಈಗ ಯಾವ ಫ್ರೇಮಿನಲ್ಲಿದ್ದೀರಿ ಎಂದು ತೋರಿಸುವ ಗೆರೆ) ಇರುವ ಜಾಗದಿಂದ, ಮೂಲ ಕೀಫ್ರೇಮ್ ಇದ್ದ ಜಾಗದಿಂದಲ್ಲ. ಅರ್ಧ ದೂರುಗಳಿಗೆ ಕಾರಣ ಇಷ್ಟೇ.

ಒಂದು ಕ್ಲಿಪ್‌ನಿಂದ ಇನ್ನೊಂದಕ್ಕೆ ಅದೇ ಎಫೆಕ್ಟ್ ಸಾಗಿಸುವುದಾದರೆ ದಾರಿ ಸುಲಭ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನ ಪೇಸ್ಟ್ ಆಟ್ರಿಬ್ಯೂಟ್ಸ್ ಕಿಟಕಿಯಲ್ಲಿ ಟೈಮಿಂಗ್ ಇದ್ದಂತೆಯೇ ಇರಲಿಯೋ, ಹೊಸ ಕ್ಲಿಪ್ಪಿನ ಉದ್ದಕ್ಕೆ ಹಿಗ್ಗಲಿಯೋ ಎಂದು ಆರಿಸಬಹುದು. ಪ್ರೀಮಿಯರ್‌ನಲ್ಲೂ ಅಂಥದೇ ಒಂದು ಟಿಕ್ ಇದೆ. ನೋಡದೆ ಓಕೆ ಒತ್ತುವವರಿಗೆ ನಾನೇನೂ ಹೇಳಲಾರೆ.

ಬೇರೆ ಬೇರೆ ಎಫೆಕ್ಟ್‌ಗಳಿಗೆ ಒಂದೇ ಟೈಮಿಂಗ್ ಬೇಕೆಂದರೆ ಕಾಪಿ ಮಾಡುವುದನ್ನೇ ಬಿಡಿ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಒಂದು ನಲ್ ಲೇಯರ್ (ತೆರೆಯ ಮೇಲೆ ಕಾಣದ ಖಾಲಿ ಪದರ), ಅದರ ಮೇಲೊಂದು ಸ್ಲೈಡರ್ ಕಂಟ್ರೋಲ್ (ಒಂದು ಸಂಖ್ಯೆಯನ್ನು ಮಾತ್ರ ಹಿಡಿದಿಡುವ ಎಫೆಕ್ಟ್) ಹಾಕಿ. ಕೀಫ್ರೇಮ್‌ಗಳು ಅದಕ್ಕೆ ಮಾತ್ರ, 0ಯಿಂದ 100ಕ್ಕೆ. ಈಸಿಂಗ್, ಅಂದರೆ ನಿಧಾನವಾಗಿ ಹೊರಟು ನಿಲ್ಲುವ ಆ ಗತಿ, ಕೂಡ ಅಲ್ಲೇ. ಉಳಿದ ಎಫೆಕ್ಟ್‌ಗಳೆಲ್ಲ ಎಕ್ಸ್‌ಪ್ರೆಶನ್ (ಬೆಲೆಯನ್ನು ಲೆಕ್ಕ ಹಾಕಿಕೊಡುವ ಪುಟ್ಟ ಕೋಡ್) ಮೂಲಕ ಆ ಸ್ಲೈಡರನ್ನು ಓದಿಕೊಳ್ಳಲಿ. 'ಲೀನಿಯರ್' ಎಂಬ ಎಕ್ಸ್‌ಪ್ರೆಶನ್‌ಗೆ ಸ್ಲೈಡರ್, 0, 100, ಆಮೇಲೆ ಆ ಎಫೆಕ್ಟಿನ ಶುರುವಿನ ಮತ್ತು ಕೊನೆಯ ಬೆಲೆ ಕೊಟ್ಟರೆ ಮುಗಿಯಿತು. ಬ್ಲರ್‌ಗೆ 40ರಿಂದ 0, ಒಪ್ಯಾಸಿಟಿಗೆ 0ಯಿಂದ 100. ತಾಳ ಒಬ್ಬನದೇ, ವಾದ್ಯಗಳು ತಮ್ಮ ತಮ್ಮ ಶ್ರುತಿಯಲ್ಲಿ. ಬೀಟ್ ಆರು ಫ್ರೇಮ್ ಮುಂಚೆ ಬಂತೇ? ಎರಡು ಕೀಫ್ರೇಮ್ ಎಳೆದರೆ ಎಲ್ಲವೂ ಅಷ್ಟೇ ಮುಂಚೆ ಬರುತ್ತವೆ.

ಇದರಲ್ಲೊಂದು ಮುಳ್ಳಿದೆ. ಸ್ಲೈಡರ್ 100 ದಾಟಿ 108ಕ್ಕೆ ಹೋಗಿ ಮತ್ತೆ 100ಕ್ಕೆ ಬರುವಂತೆ ಮಾಡಿ ಟೈಟಲ್‌ಗೆ ಸಣ್ಣ ಪುಟಿತ ಕೊಡಲು ಹೋದರೆ ಏನೂ ಕಾಣುವುದಿಲ್ಲ. ಕೊಟ್ಟ ಮಿತಿಯ ಆಚೆಗೆ 'ಲೀನಿಯರ್' ಬೆಲೆಯನ್ನು ತಡೆದು ನಿಲ್ಲಿಸುತ್ತದೆ. ಪುಟಿತ ಬೇಕಾದ ಕಡೆ ನೇರ ಗಣಿತ ಬರೆಯಿರಿ: ಶುರುವಿನ ಬೆಲೆಗೆ, ಕೊನೆಯ ಮತ್ತು ಶುರುವಿನ ವ್ಯತ್ಯಾಸವನ್ನು ಸ್ಲೈಡರಿನಿಂದ ಗುಣಿಸಿ 100ರಿಂದ ಭಾಗಿಸಿ ಕೂಡಿಸುವುದು. ಒಪ್ಯಾಸಿಟಿಗೆ ಹೇಗೂ 100ರ ಮೇಲೆ ಜಾಗವಿಲ್ಲ, ಅಲ್ಲಿ 'ಲೀನಿಯರ್' ಇದ್ದರೇ ಒಳ್ಳೆಯದು.

ಇಷ್ಟೆಲ್ಲ ಮಾಡಿದ ಮೇಲೂ "ಸರ್, ಬ್ಲರ್ ತಡವಾಗಿ ಬಿಡ್ತಿದೆ" ಅನ್ನುವವರಿದ್ದಾರೆ. ಅವರ ಕಣ್ಣು ಸುಳ್ಳು ಹೇಳುತ್ತಿಲ್ಲ. ಟೈಮಿಂಗ್ ಒಂದೇ ಇದ್ದರೂ ಕಾಣುವ ಬದಲಾವಣೆ ಒಂದೇ ಆಗಿರಬೇಕಿಲ್ಲ. ಬ್ಲರ್ 40ರಿಂದ 0ಗೆ 20 ಫ್ರೇಮಿನಲ್ಲಿ ಸಮವೇಗದಿಂದ ಇಳಿದರೆ ಫ್ರೇಮಿಗೆ ಎರಡೆರಡು ಕಡಿಮೆಯಾಗುತ್ತದೆ. 40 ಇರಲಿ 30 ಇರಲಿ, ಸಣ್ಣ ಅಕ್ಷರಕ್ಕೆ ಎರಡೂ ಬರೀ ಮಸುಕು. ಅಕ್ಷರದ ಅಂಚು ಮೂಡುವುದು ಕೊನೆಯ ಎರಡು ಮೂರು ಫ್ರೇಮಿನಲ್ಲಿ. ಅಷ್ಟರೊಳಗೆ ಒಪ್ಯಾಸಿಟಿ ತನ್ನ ಕೆಲಸವನ್ನು ಬಹುಪಾಲು ಮುಗಿಸಿರುತ್ತದೆ. ಸ್ಕೇಲ್ ಕಥೆಯೂ ಅಷ್ಟೇ: 100ರಿಂದ 200ಕ್ಕೆ ಸಮವಾಗಿ ಏರಿದರೆ ಮೊದಲ ಹತ್ತರ ಏರಿಕೆ ಶೇ 10ರಷ್ಟು, 190ರಿಂದ 200ರದು ಶೇ 5ಕ್ಕೂ ಸ್ವಲ್ಪ ಹೆಚ್ಚು ಅಷ್ಟೇ. ಹಾಗಾಗಿ ಝೂಮ್ ಕೊನೆಗೆ ಸುಸ್ತಾದಂತೆ ಕಾಣುತ್ತದೆ. ಇದಕ್ಕೆ ಸ್ಲೈಡರಿನ ಕೀಫ್ರೇಮ್ ಮುಟ್ಟಬೇಡಿ, ಬೆಲೆಯ ಕಡೆ ಸರಿಮಾಡಿ. ಬ್ಲರ್ ಅನ್ನು 40ರ ಬದಲು 12ರಿಂದ ಶುರುಮಾಡಿದರೆ ಬಹಳ ಸಲ ಅದೇ ಸಾಕಾಗುತ್ತದೆ. ಎಷ್ಟು ಅನ್ನುವುದು ಅಕ್ಷರದ ಗಾತ್ರಕ್ಕೂ ರೆಸಲ್ಯೂಶನ್‌ಗೂ ತಕ್ಕ ಹಾಗೆ, ನನ್ನ ಸಂಖ್ಯೆಯನ್ನೇ ಹಿಡಿದು ಕೂರಬೇಡಿ.

ಎಲ್ಲ ಪ್ರಾಜೆಕ್ಟ್‌ಗೂ ಈ ಏರ್ಪಾಡು ಬೇಕೆಂದು ನಾನು ಹೇಳುವುದಿಲ್ಲ. ಒಂದೇ ಟೈಟಲ್, ಎರಡೇ ಎಫೆಕ್ಟ್ ಆದರೆ ಕೈಯಲ್ಲೇ ಇಟ್ಟು ಮುಗಿಸಿ. ಇನ್ನೊಂದು ಮಾತು, ಸೆಕೆಂಡಿಗೆ 24 ಫ್ರೇಮಿನ ಕೆಲಸದಲ್ಲಿ 12 ಫ್ರೇಮ್ ಅಂದರೆ ಅರ್ಧ ಸೆಕೆಂಡ್, 30ರಲ್ಲಿ 0.4 ಸೆಕೆಂಡ್. ಹಳೆಯ ಕೆಲಸದಿಂದ ಫ್ರೇಮ್ ಎಣಿಸಿ ತಂದು, ಚುರುಕಾಗಿ ಓಡುತ್ತಿದೆ ಎಂದು ಸಾಫ್ಟ್‌ವೇರನ್ನು ಬೈಯಬೇಡಿ.

ಕಡೆಗೆ, ದಯವಿಟ್ಟು ಆ ಸ್ಲೈಡರಿಗೊಂದು ಹೆಸರಿಡಿ. 'ಟೈಟಲ್ ಎಂಟ್ರಿ' ಅಂತಾದರೂ ಬರೆಯಿರಿ. ಐದು ನಲ್ ಲೇಯರ್, ಐದರಲ್ಲೂ 'ಸ್ಲೈಡರ್ ಕಂಟ್ರೋಲ್' ಅಂತಲೇ ಇರುವ ಫೈಲ್ ನನ್ನ ಕೈಗೆ ಬಂದರೆ ಫೋನ್ ಮಾಡಿಯೇ ಮಾಡುತ್ತೇನೆ, ರಾತ್ರಿಯಾದರೂ ಸರಿ.