ಪಾಸ್ಟಾ ಬೇಯುವ ನೀರಿಗೆ ಎಣ್ಣೆ ಹಾಕಬೇಕಾ?

ಪ್ರಶ್ನೆ: ಪಾಸ್ಟಾ ಮಾಡಿದಾಗೆಲ್ಲ ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತದೆ. ಬೇಯುವ ನೀರಿಗೆ ಎರಡು ಚಮಚ ಎಣ್ಣೆ ಹಾಕುತ್ತೇನೆ. ಇನ್ನೂ ಜಾಸ್ತಿ ಹಾಕಬೇಕಾ?
– ಮಂಡ್ಯದ ಓದುಗರೊಬ್ಬರು

ಬೇಡ. ಜಾಸ್ತಿಯೂ ಬೇಡ, ಈಗ ಹಾಕುತ್ತಿರುವ ಎರಡು ಚಮಚವೂ ಬೇಡ. ಈ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವೇ ಇಲ್ಲ. ಆದರೂ ತಿಂಗಳಿಗೆ ಮೂರು ನಾಲ್ಕು ಜನ ಇದನ್ನೇ ಕೇಳುತ್ತಾರೆ. ಅದಕ್ಕೇ ಈ ಸಲ ಪೂರ್ತಿ ಬಿಡಿಸಿ ಹೇಳಿಬಿಡುತ್ತೇನೆ.

ನಮ್ಮ ಕಡೆ ಈ ಅಭ್ಯಾಸ ಶಾವಿಗೆ ಉಪ್ಪಿಟ್ಟಿನಿಂದ ಬಂದಿರಬೇಕು. ಕುದಿಯುವ ನೀರಿಗೆ ಒಂದು ಚಮಚ ಎಣ್ಣೆ, ಆಮೇಲೆ ಶಾವಿಗೆ, ಬಸಿದ ಮೇಲೆ ತಣ್ಣೀರು. ಅಲ್ಲಿ ಶಾವಿಗೆ ಉದುರುದುರಾಗಲು ಕಾರಣ ಆ ತಣ್ಣೀರು. ಮೇಲಿನ ಅಂಟು ತೊಳೆದುಹೋಗುತ್ತದೆ. ಹೆಸರು ಮಾತ್ರ ಎಣ್ಣೆಗೆ ಬಂತು.

ಎಣ್ಣೆ ನೀರಿಗಿಂತ ಹಗುರ, ಅಲ್ವಾ? ಅದು ಮೇಲೆ ತೇಲುತ್ತದೆ. ಪಾಸ್ಟಾ ಹಾಕಿದ ಕೂಡಲೇ ತಳಕ್ಕೆ ಹೋಗಿ ಕೂರುತ್ತದೆ. ಅಂಟುವುದು ಅಲ್ಲೇ, ಮೊದಲ ಎರಡು ನಿಮಿಷದಲ್ಲೇ. ಬಿಸಿನೀರು ತಾಗಿದೊಡನೆ ಪಾಸ್ಟಾದ ಹೊರಮೈಯ ಪಿಷ್ಟ ನೆನೆದು ಗಂಜಿಯ ಹಾಗೆ ಲೋಳೆಯಾಗುತ್ತದೆ. ಆಗ ಎರಡು ತುಂಡು ಒತ್ತಿಕೊಂಡಿದ್ದರೆ ಹಾಗೇ ಕಚ್ಚಿಕೊಳ್ಳುತ್ತವೆ. ಮೇಲೆ ತೇಲುವ ಎಣ್ಣೆ ಕೆಳಗೆ ಹೋಗಿ ಅವನ್ನು ಬಿಡಿಸುವುದಿಲ್ಲ. ಬಿಡಿಸಬೇಕಾದದ್ದು ನಿಮ್ಮ ಕೈಯಲ್ಲಿರುವ ಸೌಟು. ರಾಗಿ ಹಿಟ್ಟು ಗಂಟಾಗದಿರಲಿ ಅಂತ ಯಾರೂ ಎಸರಿಗೆ ಎಣ್ಣೆ ಸುರಿದು ಸುಮ್ನೆ ಕೂರುವುದಿಲ್ಲ. ಕೋಲು ಹಿಡಿದು ತಿರುವುತ್ತೇವೆ. ಇಲ್ಲೂ ಅಷ್ಟೇ.

ನನ್ನ ನಾದಿನಿಗೂ ಇದನ್ನು ಬಾಯಲ್ಲಿ ಹೇಳಿ ಸಾಕಾಗಿತ್ತು. ಕೊನೆಗೊಂದು ದಿನ ಒಲೆಯ ಮೇಲೆ ಎರಡು ಪಾತ್ರೆ ಇಟ್ಟೆ. ಎರಡಕ್ಕೂ ಒಂದು ಲೀಟರ್ ನೀರು, 100 ಗ್ರಾಂ ಪೆನ್ನೆ, ಅಂದರೆ ಸಣ್ಣ ಕೊಳವೆಯಂಥ ಪಾಸ್ಟಾ. ಒಂದಕ್ಕೆ ಎರಡು ಚಮಚ ಎಣ್ಣೆ ಹಾಕಿ ಸೌಟು ಮುಟ್ಟಿಸಲಿಲ್ಲ. ಇನ್ನೊಂದಕ್ಕೆ ಎಣ್ಣೆ ಹಾಕದೆ ಎರಡು ನಿಮಿಷ ತಿರುವಿದೆ. ಮೊದಲನೆಯದರಲ್ಲಿ ಎಣ್ಣೆ ಹಳದಿ ಬಿಲ್ಲೆ ಬಿಲ್ಲೆಯಾಗಿ ಅಂಚಿಗೆ ಸರಿದಿತ್ತು. ತಳದಲ್ಲಿ ಐದಾರು ಪೆನ್ನೆ ಡಬ್ಬಿಯಲ್ಲಿ ಜೋಡಿಸಿಟ್ಟ ಬಳಪದ ಹಾಗೆ ಒಂದರ ಪಕ್ಕ ಒಂದು ಕಚ್ಚಿಕೊಂಡಿದ್ದವು. ಎರಡನೆಯದು ಬಿಡಿಬಿಡಿಯಾಗಿತ್ತು. ಎರಡಕ್ಕೂ ಒಂದೇ ಟೊಮೆಟೊ ಸಾಸ್ ಕಲಸಿ ತಟ್ಟೆಗೆ ಹಾಕಿದೆ. ಬಸಿಯುವಾಗ ಎಣ್ಣೆಯೆಲ್ಲ ಮೈಗೆ ಸವರಿಕೊಂಡಿದ್ದ ಪೆನ್ನೆಯಿಂದ ಸಾಸ್ ಜಾರಿ ತಟ್ಟೆಯ ತಳದಲ್ಲಿ ನಿಂತಿತು. "ಅತ್ತಿಗೆ, ಇಷ್ಟು ದಿನ ಎಣ್ಣೆನ ಸುಮ್ನೆ ಸಿಂಕಿಗೆ ಸುರೀತಿದ್ನಾ?" ಅಂದಳು. ಅವಳು ಹಾಕುತ್ತಿದ್ದದ್ದು ಆಲಿವ್ ಎಣ್ಣೆ!

ಒಂದು ಮಾತು ಒಪ್ಪುತ್ತೇನೆ. ಎಣ್ಣೆ ಹಾಕಿದರೆ ನೊರೆ ಉಕ್ಕುವುದು ಕಡಿಮೆಯಾಗುತ್ತದೆ. ಅದಕ್ಕೆ ದೊಡ್ಡ ಪಾತ್ರೆ ಇಟ್ಟು, ಉರಿ ಸ್ವಲ್ಪ ಇಳಿಸಿದರೆ ಸಾಕು.

ನೀರಿಗೆ ಬೇಕಾದದ್ದು ಉಪ್ಪು. ಇಟಲಿಯವರ ಲೆಕ್ಕ ಸುಲಭ: 100 ಗ್ರಾಂ ಪಾಸ್ಟಾಕ್ಕೆ ಒಂದು ಲೀಟರ್ ನೀರು, 10 ಗ್ರಾಂ ಉಪ್ಪು. ಅಂದರೆ ಲೀಟರಿಗೆ ಸುಮಾರು ಒಂದೂವರೆ ಟೀ ಚಮಚ ಪುಡಿ ಉಪ್ಪು. ಪೊಟ್ಟಣದ ಮೇಲಿನ ನಿಮಿಷವನ್ನೂ ಕಣ್ಣುಮುಚ್ಚಿ ನಂಬಬೇಡಿ. ಮೈಸೂರು ಸಮುದ್ರ ಮಟ್ಟಕ್ಕಿಂತ 750 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ನೀರು 97–98 ಡಿಗ್ರಿಗೇ ಕುದಿಯುತ್ತದೆ, ಬೇಯಲು ಒಂದು ನಿಮಿಷ ಜಾಸ್ತಿ ಹಿಡಿಯಬಹುದು. ಒಂದನ್ನು ತೆಗೆದು ಕಚ್ಚಿ ನೋಡಿ. ತಿರುವಿದರೂ ಕೊಳಕೊಳ ಆಗುತ್ತಿದ್ದರೆ ಪೊಟ್ಟಣದ ಹಿಂದೆ ಓದಿ. ಮೈದಾದ್ದಾಗಿರಬಹುದು. ಡ್ಯೂರಮ್ ಗೋಧಿಯ ರವೆಯದ್ದೇ ತನ್ನಿ. ಇಟಲಿಯಲ್ಲಿ ಒಣ ಪಾಸ್ಟಾವನ್ನು ಆ ಗೋಧಿಯಿಂದಲೇ ಮಾಡಬೇಕು ಅಂತ 1967ರಲ್ಲಿ ಕಾನೂನೇ ಬಂತು. ನಮ್ಮ ಬನ್ಸಿ ರವೆಯೂ ಅದೇ ಜಾತಿಯ ಗೋಧಿಯದ್ದು.

ನನಗೆ ನಿಜಕ್ಕೂ ಹೊಟ್ಟೆ ಉರಿಯುವುದು ಬಸಿದ ನೀರು ಚೆಲ್ಲುವುದನ್ನು ನೋಡಿದಾಗ. ನಾವು ಬಸ್ಸಾರಿನ ಊರಿನವರು. ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟಿನಲ್ಲೇ ಸಾರಿನ ರುಚಿ ಇದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಪಾಸ್ಟಾ ನೀರೂ ಹಾಗೇ. ಅದರಲ್ಲಿರುವ ಪಿಷ್ಟ ಎಣ್ಣೆಯನ್ನೂ ನೀರನ್ನೂ ಬೇರೆಯಾಗಲು ಬಿಡದೆ ಮಂದವಾಗಿ ಕೂಡಿಸುತ್ತದೆ. ಕೆಲಸ ಮುಗಿಸಿ ಏಳೂವರೆಗೆ ಮನೆಗೆ ಬಂದ ದಿನ ನಾನು ಮಾಡುವುದು ಇಷ್ಟೇ. ಇಬ್ಬರಿಗಾದರೆ ಮೂರು ಚಮಚ ಎಣ್ಣೆಯಲ್ಲಿ ನಾಲ್ಕು ಎಸಳು ಬೆಳ್ಳುಳ್ಳಿಯನ್ನು ಸಣ್ಣ ಉರಿಯಲ್ಲಿ ಬಾಡಿಸಿ, ಒಂದು ಬ್ಯಾಡಗಿ ಮೆಣಸಿನಕಾಯಿ ಮುರಿದು ಹಾಕುತ್ತೇನೆ. ಪಾಸ್ಟಾ ಬೇಯಲು ಇನ್ನೊಂದು ನಿಮಿಷ ಇರುವಾಗಲೇ ಎತ್ತಿ ಬಾಣಲೆಗೆ ಹಾಕಿ, ಒಂದು ಸೌಟು ಬಸಿದ ನೀರು ಬಿಟ್ಟು ಜೋರಾಗಿ ತಿರುವುತ್ತೇನೆ. ನೋಡನೋಡುತ್ತಲೇ ತಳದ ಎಣ್ಣೆ, ನೀರು ಎರಡೂ ಸೇರಿ ಕೆನೆಯಂತಾಗಿ ಪಾಸ್ಟಾಕ್ಕೆ ಹತ್ತಿಕೊಳ್ಳುತ್ತದೆ. ಇಟಲಿಯಲ್ಲಿ ಇದರ ಹೆಸರು ಆಲಿಯೊ ಎ ಓಲಿಯೊ. ಅರ್ಥವೇ ಬೆಳ್ಳುಳ್ಳಿ ಮತ್ತು ಎಣ್ಣೆ. ನೀರಿನಲ್ಲೇ ಉಪ್ಪಿರುವುದರಿಂದ ಮತ್ತೆ ಉಪ್ಪು ಹಾಕುವ ಮುಂಚೆ ರುಚಿ ನೋಡಿ.

ಬಸಿದ ಮೇಲೆ ಎಣ್ಣೆ ಸವರುವುದು, ತಣ್ಣೀರಲ್ಲಿ ತೊಳೆಯುವುದು ಒಂದೇ ಕಡೆ ಸರಿ: ತಣ್ಣಗೆ ತಿನ್ನುವ ಪಾಸ್ಟಾಕ್ಕೆ. ಏಪ್ರಿಲ್ ಸೆಕೆಯಲ್ಲಿ ಅದು ಬಹಳ ಹಿತ. ಟೊಮೆಟೊ, ಸೌತೆಕಾಯಿ, ಈರುಳ್ಳಿ, ನಿಂಬೆರಸ ಹಾಕಿ ಕಲಸಿದರೆ ಆಯಿತು.

ಕಲಸುವಾಗ ಕೆಲವರು ಇಟಲಿಯವರು ಹಾಕುವ ಬೇಸಿಲ್ ಎಂಬ ಘಮದ ಸೊಪ್ಪು ಸಿಗಲಿಲ್ಲ ಅಂತ ತುಳಸಿ ಹಾಕುತ್ತಾರೆ. ಇದನ್ನು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ತುಳಸಿ ಬೇರೆ ಗಿಡ. ಅದರ ಖಾರ, ಲವಂಗದ ವಾಸನೆ ಟೊಮೆಟೊವನ್ನು ಮುಚ್ಚಿಹಾಕುತ್ತದೆ. ಬೇಸಿಲ್ ಜಾತಿಯ ಗಿಡ ನಮ್ಮಲ್ಲಿ ಮೊದಲಿಂದಲೂ ಇದೆ, ಅದು ಕಾಮಕಸ್ತೂರಿ. ಬೇಸಿಗೆಯಲ್ಲಿ ಶರಬತ್ತಿಗೆ ನೆನೆಹಾಕುವುದು ಅದರದ್ದೇ ಬೀಜ. ಇಟಲಿಯ ಬೇಸಿಲ್‌ನ ಎಲೆ ಅಗಲ, ಮೃದು. ನಮ್ಮದರ ಎಲೆ ಚಿಕ್ಕದು, ವಾಸನೆ ಸ್ವಲ್ಪ ಗಾಢ. ಅದಕ್ಕೇ ಅರ್ಧದಷ್ಟು ಹಾಕಿದರೆ ಸಾಕು. ಹೂವಿನವರ ಹತ್ತಿರ ಸಿಗುವ ಕಾಮಕಸ್ತೂರಿ ಮಾಲೆಗೆ ಬೆಳೆದದ್ದು, ಅದನ್ನು ಅಡುಗೆಗೆ ಹಾಕಬೇಡಿ. ಗ್ರಂಧಿಗೆ ಅಂಗಡಿಯಿಂದ ಒಂದು ಸಣ್ಣ ಪೊಟ್ಟಣ ಬೀಜ ತಂದು, ಬಿಸಿಲು ಬೀಳುವ ಕಡೆ ಕುಂಡದಲ್ಲಿ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಹಾಕಿ. ವಾರ ಹತ್ತು ದಿನದಲ್ಲಿ ಮೊಳೆಯುತ್ತದೆ. ಹೂವಿನ ತೆನೆ ಬಂದ ಹಾಗೆಲ್ಲ ಚಿವುಟುತ್ತಿರಿ, ಎಲೆ ಜಾಸ್ತಿ ಬರುತ್ತದೆ. ಎಲೆಯನ್ನು ಒಲೆ ಆರಿಸಿದ ಮೇಲೆ ಕೈಯಲ್ಲೇ ಹರಿದು ಹಾಕಿ.