ಸೋಡಾ ಮುಚ್ಚಳ ತಿರುಗಿಸ್ತಿದ್ದೋರಿಗೆಲ್ಲ ಗೊತ್ತಿರೋ ಸೆಂಟ್ರಿಫ್ಯೂಜ್

ಚಿಕ್ಕೋರಿದ್ದಾಗ ಸೋಡಾ ಮುಚ್ಚಳ ಜಜ್ಜಿ ಚಪ್ಪಟೆ ಮಾಡಿ, ಎರಡು ತೂತು ಹೊಡೆದು, ದಾರ ಪೋಣಿಸಿ ಗುಂಯ್ ಅಂತ ತಿರುಗಿಸ್ತಿದ್ವಲ್ಲ, ಅದನ್ನೇ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್, ಸಾದ್ ಭಾಮ್ಲಾ ಮತ್ತವರ ತಂಡ 2017ರಲ್ಲಿ ರಕ್ತನ ಜೋರಾಗಿ ತಿರುಗಿಸಿ ಅದರ ಭಾಗಗಳನ್ನ ಬೇರ್ಪಡಿಸೋ ಯಂತ್ರ, ಅಂದ್ರೆ ಸೆಂಟ್ರಿಫ್ಯೂಜ್, ಮಾಡಿ ತೋರಿಸಿದ್ರು. ಹೆಸರು ಪೇಪರ್‌ಫ್ಯೂಜ್. ಕಾಗದದ ಬಿಲ್ಲೆ, ದಾರ, ಎರಡು ಹಿಡಿ, 2 ಗ್ರಾಂ ತೂಕ, 20 ಸೆಂಟ್ (ಡಾಲರಿನ ಐದನೇ ಒಂದು ಭಾಗ) ಖರ್ಚು. ಸ್ಪೀಡು ಗರಿಷ್ಠ ನಿಮಿಷಕ್ಕೆ 1,25,000 ಸುತ್ತು! ಲ್ಯಾಬಿನ ಮಶೀನಿಗೆ ಸಾವಿರಾರು ಡಾಲರ್ ಕೊಟ್ಟು ಕರೆಂಟೂ ಕೊಡಬೇಕು. ಉಗಾಂಡಾಗೆ ಹೋದಾಗ ಪ್ರಕಾಶ್ ಕಂಡಿದ್ದೇ ಅದು, ಕರೆಂಟಿಲ್ದೆ ಸೆಂಟ್ರಿಫ್ಯೂಜನ್ನ ಬಾಗಿಲಿಗೆ ಅಡ್ಡ ಇಟ್ಟಿದ್ರು.

ಬುಗುರಿ, ಯೋಯೋ ಎಲ್ಲ ನೋಡಿ ಕೊನೆಗೆ ಈ 5,000 ವರ್ಷ ಹಳೇ ಆಟಿಕೆಗೆ ಬಂದ್ರು.

ಇಷ್ಟು ಸ್ಪೀಡು ಎಲ್ಲಿಂದ ಬಂತು? ಮಜ್ಜಿಗೆ ಕಡೆಯೋದು ನೆನಪಿಸ್ಕೊಳ್ಳಿ. ಕಡಗೋಲಿಗೆ ಹಗ್ಗ ಸುತ್ತಿ ಆ ಕೈ ಈ ಕೈ ಎಳೀತಾರೆ, ಕಡಗೋಲು ತೆಳ್ಳಗಿದ್ದಷ್ಟೂ ಒಂದೇ ಎಳೆತಕ್ಕೆ ಸುತ್ತು ಜಾಸ್ತಿ, ಇಲ್ಲಂತೂ ದಾರ ದಾರಕ್ಕೇ ಸುತ್ಕೊಂಡಿರುತ್ತೆ, ಅಂದ್ರೆ ದಾರದಷ್ಟು ತೆಳ್ಳಗಿನ ಕಡಗೋಲು! ಹುರಿ ಪೂರ್ತಿ ಬಿಚ್ಚಿದ್ರೂ ಬಿಲ್ಲೆ ನಿಲ್ಲಲ್ಲ, ಪೆಡಲ್ ಬಿಟ್ರೂ ಓಡೋ ಸೈಕಲ್ ಥರ ಓಡಿ ದಾರನ ಉಲ್ಟಾ ಹುರಿ ಮಾಡುತ್ತೆ, ಸುರುಳಿ ಮೇಲೆ ಸುರುಳಿ ಬಿದ್ದು ದಾರಾನೇ ಸ್ಪ್ರಿಂಗಾಗುತ್ತೆ. ಆಗ ಸರಿಯಾದ ಹೊತ್ತಿಗೆ ಮತ್ತೆ ಎಳೀಬೇಕು, ಜೋಕಾಲಿ ತೂಗೋ ಲೆಕ್ಕಾನೇ.

ದಿಕ್ಕು ಬದಲಾದ್ರೆ ರಕ್ತ ಮತ್ತೆ ಕಲಸಿಹೋಗಲ್ವಾ ಅಂತ ಕೇಳ್ತಾರೆ. ಇಲ್ಲ. ಜಾತ್ರೇಲಿ ಸುತ್ತೋ ಕುದುರೆ ಎಡಕ್ಕೆ ತಿರುಗ್ಲಿ ಬಲಕ್ಕೆ ತಿರುಗ್ಲಿ, ಕೂತೋರನ್ನ ತಳ್ಳೋದು ಹೊರಗಡೆಗೇ. ಬಿಲ್ಲೆ ಮೇಲಿನ ಸಣ್ಣ ಕೊಳವೆಯಲ್ಲಿ ಬೆರಳಿಂದ ತೆಗೆದ ರಕ್ತ, ಒಂದೂವರೆ ನಿಮಿಷದಲ್ಲಿ ಭಾರದ ಕೆಂಪು ಕಣ ಹೊರತುದಿಗೆ, ರಕ್ತದ ತಿಳಿ ದ್ರವ, ಅಂದ್ರೆ ಪ್ಲಾಸ್ಮಾ, ಒಳಗಡೆಗೆ. ಒಟ್ಟು ಉದ್ದದಲ್ಲಿ ಕೆಂಪು ಭಾಗ ಎಷ್ಟು ಅಂತ ಅಳೆದ್ರೆ ರಕ್ತಹೀನತೆ ಇದೆಯಾ ಅಂತ ತಿಳಿಯುತ್ತೆ. 15 ನಿಮಿಷ ತಿರುಗಿಸಿದ್ರೆ ಮಲೇರಿಯಾ ಪರಾವಲಂಬಿಗಳನ್ನೂ ಬೇರ್ಪಡಿಸಬಹುದು, ಆದ್ರೆ ಗುರುತಿಸೋಕೆ ಮೈಕ್ರೋಸ್ಕೋಪು, ಪಳಗಿದ ಕಣ್ಣು ಎರಡೂ ಬೇಕು, ಅದನ್ನ ಮುಚ್ಚಿಡಬಾರದು.

ದೊಡ್ಡ ಮಶೀನು, ದೊಡ್ಡ ಬಿಲ್ಲು ಇದ್ರೇನೇ ಟೆಸ್ಟು ಸರಿ ಅನ್ನೋ ನಂಬಿಕೆ ಕೇಳಿದ್ರೆ ನಂಗೆ ನಿಜಕ್ಕೂ ಸಂಕಟ ಆಗುತ್ತೆ. ಹೊರಗೆ ತಳ್ತಿರೋದು ಮೋಟಾರಾ ಕೈಯಾ ಅಂತ ರಕ್ತದ ಕಣಕ್ಕೇನು ಗೊತ್ತು? ಮೋಟಾರು ಸುಟ್ರೆ ರಿಪೇರಿಯೋರು ಬರೋವರೆಗೂ ಊರೆಲ್ಲ ಕಾಯ್ಬೇಕು. ಇದರಲ್ಲಿ ತುಂಡಾಗೋದು ದಾರ, ಅದೂ ಮೀನು ಹಿಡಿಯೋ ದಾರ, ಸಂತೇಲಿ ಸಿಗುತ್ತೆ.